ಸೀಗಡಿ ಕೃಷಿಯಲ್ಲಿ ರೋಗ ತಡೆಗೆ ಔಷಧೀಯ ಸಸ್ಯಗಳು: ಸಾಧ್ಯತೆಗಳು ಮತ್ತು ಮಿತಿಗಳು

ಭಾರತದ ಸಾಗರೋತ್ಪನ್ನಗಳ ರಫ್ತಿನಲ್ಲಿ ಸೀಗಡಿಗೆ ಅಗ್ರಸ್ಥಾನವಿದೆ. 2024-25ನೇ ಸಾಲಿನಲ್ಲಿ ದೇಶದಿಂದ ರಫ್ತಾದ ಸಾಗರೋತ್ಪನ್ನಗಳ ಒಟ್ಟು ಮೌಲ್ಯ ಸುಮಾರು 62,408 ಕೋಟಿ ರೂಪಾಯಿ. ಇದರಲ್ಲಿ ಶೀತಲೀಕರಿಸಿದ ಸೀಗಡಿಯೊಂದರ ಪಾಲೇ 43,334 ಕೋಟಿ ರೂಪಾಯಿಯಷ್ಟಿತ್ತು. ಅಂದರೆ ಒಟ್ಟು ಮೌಲ್ಯದ ಮೂರನೇ ಎರಡು ಭಾಗಕ್ಕಿಂತಲೂ ಅಧಿಕ. ಈ ಸೀಗಡಿಯ ಬಹುಪಾಲು ಬರುವುದು ಸಮುದ್ರದಿಂದಲ್ಲ, ಕರಾವಳಿಯ ಕೊಳಗಳಿಂದ. ಆಂಧ್ರಪ್ರದೇಶವು ಈ ಕ್ಷೇತ್ರದಲ್ಲಿ ಮುಂಚೂಣಿಯಲ್ಲಿದ್ದರೆ, ನಮ್ಮ ರಾಜ್ಯದಲ್ಲಿ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಮತ್ತು ಕುಂದಾಪುರ ಭಾಗಗಳ ಅಳಿವೆ ಪ್ರದೇಶಗಳಲ್ಲಿ ಈ ಕೃಷಿ ನಡೆಯುತ್ತಿದೆ.

ಇಷ್ಟು ದೊಡ್ಡ ವಹಿವಾಟಿಗೆ ಎರಡು ಅಪಾಯಗಳು ಸದಾ ಕಾದಿರುತ್ತವೆ. ಒಂದು, ಕೊಳವನ್ನೇ ಬರಿದು ಮಾಡುವ ರೋಗ. ಇನ್ನೊಂದು, ರೋಗಕ್ಕೆ ಹೆದರಿ ಬಳಸಿದ ಔಷಧದ ಶೇಷಾಂಶದಿಂದಾಗಿ ವಿದೇಶಿ ಬಂದರಿನಲ್ಲಿ ತಿರಸ್ಕೃತವಾಗುವ ಸರಕು. ಇವೆರಡರ ನಡುವಿನ ಮಾರ್ಗವಾಗಿ ಔಷಧೀಯ ಸಸ್ಯಗಳ ಬಳಕೆಯು ಸಂಶೋಧಕರ ಹಾಗೂ ಉದ್ಯಮಿಗಳ ಗಮನ ಸೆಳೆದಿದೆ. ಈ ಮಾರ್ಗವು ಎಷ್ಟರಮಟ್ಟಿಗೆ ಫಲಕಾರಿ, ಎಲ್ಲಿ ಎಚ್ಚರಿಕೆ ಅಗತ್ಯ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ರೋಗಗಳ ಸ್ವರೂಪ

ಭಾರತದಲ್ಲಿ ಹುಲಿ ಸೀಗಡಿಯ ಕೃಷಿಯು 1990ರ ದಶಕದ ಆರಂಭದಲ್ಲಿ ತೀವ್ರಗತಿಯಲ್ಲಿ ವಿಸ್ತರಿಸಿತು. 1994ರಲ್ಲಿ ಕಾಣಿಸಿಕೊಂಡ ಬಿಳಿಚುಕ್ಕೆ ರೋಗವು ಈ ಬೆಳವಣಿಗೆಗೆ ಭಾರೀ ಪೆಟ್ಟು ನೀಡಿತು. ಇದು ವೈರಾಣುವಿನಿಂದ ಬರುವ ರೋಗ. ಸೋಂಕು ತಗುಲಿದ ಕೊಳದಲ್ಲಿ 3ರಿಂದ 10 ದಿನಗಳೊಳಗೆ ಬಹುತೇಕ ಎಲ್ಲ ಸೀಗಡಿಗಳೂ ಸಾಯಬಹುದು. ಇದನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಆ ಬಳಿಕ, 2009ರಲ್ಲಿ, ವೆನ್ನಾಮಿ ಸೀಗಡಿಯ ವಾಣಿಜ್ಯ ಕೃಷಿಗೆ ದೇಶದಲ್ಲಿ ಅನುಮತಿ ದೊರೆತು ಉತ್ಪಾದನೆ ಮತ್ತೆ ಏರಿತಾದರೂ, ರೋಗಬಾಧೆ ತಪ್ಪಲಿಲ್ಲ.

ಬಿಳಿಚುಕ್ಕೆಯಲ್ಲದೆ ವಿಬ್ರಿಯೋ ಜಾತಿಯ ಬ್ಯಾಕ್ಟೀರಿಯಾಗಳಿಂದ ಬರುವ ರೋಗಗಳು, ಹಾಗೂ ಯಕೃತ್ತಿನಂತೆ ಕೆಲಸ ಮಾಡುವ ಜೀರ್ಣಗ್ರಂಥಿಯನ್ನು ಆಕ್ರಮಿಸಿ ಬೆಳವಣಿಗೆಯನ್ನು ಕುಂಠಿತಗೊಳಿಸುವ ಇಎಚ್‌ಪಿ ಎಂಬ ಸೂಕ್ಷ್ಮ ಪರಾವಲಂಬಿ ಕೃಷಿಕರನ್ನು ಕಾಡುತ್ತಿವೆ. ಇಎಚ್‌ಪಿ ಬಾಧಿತ ಕೊಳದಲ್ಲಿ ಸೀಗಡಿಗಳು ಒಮ್ಮೆಲೇ ಸಾಯುವುದಿಲ್ಲ. ಆಹಾರ ತಿನ್ನುತ್ತಲೇ ಇರುತ್ತವೆ, ಆದರೆ ತೂಕ ಏರುವುದಿಲ್ಲ. ಆದುದರಿಂದ ನಷ್ಟವು ಕಣ್ಣಿಗೆ ಕಾಣುವ ಮೊದಲೇ ಲೆಕ್ಕಪುಸ್ತಕದಲ್ಲಿ ಕಾಣಿಸಿಕೊಳ್ಳುತ್ತದೆ.

ಪ್ರತಿಜೀವಕಗಳ ಬಳಕೆ ಏಕೆ ಸಲ್ಲದು?

ಮೊದಲನೆಯದಾಗಿ, ಪ್ರತಿಜೀವಕಗಳು ವೈರಾಣುವಿನ ಮೇಲೆ ಯಾವ ಪರಿಣಾಮವನ್ನೂ ಬೀರುವುದಿಲ್ಲ. ಎರಡನೆಯದಾಗಿ, ಬ್ಯಾಕ್ಟೀರಿಯಾಗಳ ವಿರುದ್ಧ ಬಳಸಿದರೂ ಕಾಲಕ್ರಮೇಣ ಔಷಧಕ್ಕೆ ಬಗ್ಗದ ತಳಿಗಳು ಹುಟ್ಟಿಕೊಳ್ಳುತ್ತವೆ. ಮೂರನೆಯದು, ವಾಣಿಜ್ಯ ದೃಷ್ಟಿಯಿಂದ ಅತಿಮುಖ್ಯವಾದುದು. ಐರೋಪ್ಯ ಒಕ್ಕೂಟವು 2016ರಲ್ಲಿ ಭಾರತದ ಕೃಷಿ ಸೀಗಡಿಯ ಮಾದರಿ ತಪಾಸಣೆಯ ಪ್ರಮಾಣವನ್ನು ಶೇ. 10ರಿಂದ ಶೇ. 50ಕ್ಕೆ ಏರಿಸಿತು. 2022ರ ನವೆಂಬರ್‌ನಿಂದ ಅಲ್ಲಿ ಕ್ಲೋರಾಂಫೆನಿಕಾಲ್‌ನ ಕ್ರಮ ಜರುಗಿಸುವ ಮಟ್ಟವು ಕಿಲೋಗ್ರಾಂಗೆ 0.15 ಮೈಕ್ರೋಗ್ರಾಂ ಆಗಿದೆ; ನೈಟ್ರೋಫ್ಯೂರಾನ್‌ಗಳ ಶೇಷಕ್ಕೆ ಈ ಮಟ್ಟ 0.5 ಮೈಕ್ರೋಗ್ರಾಂ. ಒಂದು ಗ್ರಾಂ ವಸ್ತು ಹತ್ತು ಲಕ್ಷ ಮೈಕ್ರೋಗ್ರಾಂಗಳಿಗೆ ಸಮ ಎಂಬುದನ್ನು ನೆನೆದರೆ ಈ ಮಟ್ಟ ಎಷ್ಟು ಸೂಕ್ಷ್ಮವೆಂಬುದು ಮನದಟ್ಟಾಗುತ್ತದೆ. ಒಬ್ಬ ಕೃಷಿಕನ ಒಂದು ಕೊಳದ ತಪ್ಪು ಇಡೀ ಕಂಟೇನರನ್ನು ಹಿಂದಿರುಗಿಸಬಲ್ಲುದು.

ಸೀಗಡಿಯ ರೋಗನಿರೋಧ ವ್ಯವಸ್ಥೆ

ಮನುಷ್ಯರಲ್ಲಿ, ಜಾನುವಾರುಗಳಲ್ಲಿ, ಮೀನುಗಳಲ್ಲಿ ಒಮ್ಮೆ ಬಂದ ರೋಗಾಣುವನ್ನು ನೆನಪಿಟ್ಟುಕೊಂಡು ಪ್ರತಿಕಾಯಗಳನ್ನು ಉತ್ಪಾದಿಸುವ ವ್ಯವಸ್ಥೆಯಿದೆ. ಲಸಿಕೆಗಳು ಇದನ್ನೇ ಅವಲಂಬಿಸಿವೆ. ಸೀಗಡಿಯಲ್ಲಿ ಪ್ರತಿಕಾಯಗಳಿಲ್ಲ. ಅದರ ರಕ್ಷಣೆ ಮುಖ್ಯವಾಗಿ ಹೊರಚಿಪ್ಪು ಮತ್ತು ರಕ್ತಕೋಶಗಳ ಮೇಲೆ ನಿಂತಿದೆ. ಈ ಕೋಶಗಳು ರೋಗಾಣುಗಳನ್ನು ನುಂಗುತ್ತವೆ, ಸುತ್ತುವರಿದು ಬಂಧಿಸುತ್ತವೆ, ಕಪ್ಪು ವರ್ಣಕವನ್ನು ಉಂಟುಮಾಡುವ ಕಿಣ್ವ ಸರಣಿಯನ್ನು ಚಾಲನೆಗೊಳಿಸಿ ಅವುಗಳನ್ನು ನಾಶಪಡಿಸುತ್ತವೆ.

ಆದುದರಿಂದ ರೂಢಿಯ ಲಸಿಕೆಯ ಬದಲು, ಈ ಸಹಜ ರಕ್ಷಣೆಯನ್ನು ಎಚ್ಚರಗೊಳಿಸುವ ಪ್ರಚೋದಕಗಳನ್ನು ಆಹಾರದ ಮೂಲಕ ನೀಡುವ ವಿಧಾನವು ಬೆಳೆಯಿತು. ಯೀಸ್ಟ್‌ನಿಂದ ತೆಗೆದ ಗ್ಲುಕಾನ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಸಸ್ಯಗಳಲ್ಲಿರುವ ಬಹುಶರ್ಕರಗಳು, ಫ್ಲೇವನಾಯ್ಡ್‌ಗಳು, ಆಲ್ಕಲಾಯ್ಡ್‌ಗಳು ಮತ್ತು ಟ್ಯಾನಿನ್‌ಗಳೂ ಇಂತಹ ಕಾರ್ಯ ಮಾಡಬಲ್ಲವೆಂಬುದೇ ಔಷಧೀಯ ಸಸ್ಯಗಳ ಮೇಲಿನ ಸಂಶೋಧನೆಗೆ ಆಧಾರ.

ಪ್ರಯೋಗಗಳು ಏನು ಹೇಳುತ್ತವೆ?

ಈ ದಿಸೆಯಲ್ಲಿ ತಮಿಳುನಾಡಿನ ಪ್ರಯೋಗಾಲಯಗಳ ಕೊಡುಗೆ ಗಣನೀಯವಾದುದು. ಟಿ. ಸಿಟರಸು ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗರಿಕೆ, ಬಿಲ್ವ, ಅಮೃತಬಳ್ಳಿ, ಕಟುಕರೋಹಿಣಿ ಮತ್ತು ಭೃಂಗರಾಜ ಎಂಬ ಐದು ಸಸ್ಯಗಳ ಮೆಥನಾಲ್ ಸಾರವನ್ನು ಸಮಪ್ರಮಾಣದಲ್ಲಿ ಬೆರೆಸಿ, ಪ್ರತಿ ಕಿಲೋ ಆಹಾರಕ್ಕೆ 100, 200, 400 ಮತ್ತು 800 ಮಿಲಿಗ್ರಾಂಗಳಂತೆ ಸೇರಿಸಲಾಯಿತು. ಸುಮಾರು 8 ಗ್ರಾಂ ತೂಕದ ಹುಲಿ ಸೀಗಡಿಗಳಿಗೆ 25 ದಿನ ಈ ಆಹಾರ ನೀಡಿ, ಅನಂತರ ಬಿಳಿಚುಕ್ಕೆ ವೈರಾಣುವಿನ ಸೋಂಕು ತಗುಲಿಸಲಾಯಿತು. ಸಾರವಿಲ್ಲದ ಆಹಾರ ತಿಂದ ಸೀಗಡಿಗಳು 7 ದಿನಗಳೊಳಗೆ ಸತ್ತವು. 800 ಮಿಲಿಗ್ರಾಂ ಪ್ರಮಾಣ ಪಡೆದ ಗುಂಪಿನಲ್ಲಿ ಶೇ. 74ರಷ್ಟು ಬದುಕುಳಿದವು; ವೈರಾಣುವಿನ ಪ್ರಮಾಣವೂ ತಗ್ಗಿತ್ತು.

ಮೇಲ್ವಿಶಾರಂನ ಸಿ. ಅಬ್ದುಲ್ ಹಕೀಮ್ ಕಾಲೇಜಿನ ಸಂಶೋಧಕರು 2007ರಲ್ಲಿ 20 ಭಾರತೀಯ ಔಷಧೀಯ ಸಸ್ಯಗಳನ್ನು ಇದೇ ವೈರಾಣುವಿನ ವಿರುದ್ಧ ಪರೀಕ್ಷಿಸಿದಾಗ, ನಮ್ಮ ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುವ ಗರಿಕೆಯ ಸಾರವು ಗಮನಾರ್ಹ ಫಲ ನೀಡಿತು. ಥೈಲೆಂಡ್‌ನಲ್ಲಿ ಸೀಬೆ ಎಲೆಯ ಸಾರವನ್ನು ವಿಬ್ರಿಯೋ ವಿರುದ್ಧ ಪರೀಕ್ಷಿಸಲಾಗಿದೆ. ಬೆಳ್ಳುಳ್ಳಿ, ಅರಿಶಿನ, ತುಳಸಿ, ನೆಲನೆಲ್ಲಿ ಮೊದಲಾದವುಗಳ ಬಗೆಗೂ ಅಧ್ಯಯನಗಳು ನಡೆದಿವೆ.

ಆದರೆ ಇವುಗಳಲ್ಲಿ ಹೆಚ್ಚಿನವು ಪ್ರಯೋಗಾಲಯದ ತೊಟ್ಟಿಗಳಲ್ಲಿ ನಡೆದವು ಎಂಬುದನ್ನು ಮರೆಯಲಾಗದು. ತೊಟ್ಟಿಯಲ್ಲಿ ನೀರು ಶುದ್ಧ, ಸಂಖ್ಯೆ ಮಿತ, ಉಷ್ಣತೆ ಸ್ಥಿರ. ಕೊಳದಲ್ಲಿಯಾದರೋ ಮಳೆ ಬಂದರೆ ಲವಣಾಂಶ ಕುಸಿಯುತ್ತದೆ, ರಾತ್ರಿ ಆಮ್ಲಜನಕ ಇಳಿಯುತ್ತದೆ, ತಳದಲ್ಲಿ ಕೆಸರು ಸೇರುತ್ತದೆ. ಆದುದರಿಂದ ತೊಟ್ಟಿಯ ಶೇಕಡಾವಾರು ಫಲವನ್ನು ಕೊಳದ ಭರವಸೆಯಾಗಿ ಮಾರುವುದು ಸರಿಯಲ್ಲ.

ಸಾರ ಬೇರೆ, ಪುಡಿ ಬೇರೆ

ಕೃಷಿಕರು ಸಾಮಾನ್ಯವಾಗಿ ಎಡವುವುದು ಪ್ರಮಾಣದಲ್ಲಿ. ಪ್ರಯೋಗದ 800 ಮಿಲಿಗ್ರಾಂ ಎಂಬುದು ಸಾರದ ತೂಕವೇ ಹೊರತು ಎಲೆಪುಡಿಯ ತೂಕವಲ್ಲ. ಉದಾಹರಣೆಗೆ, ಒಂದು ಹೆಕ್ಟೇರ್ ಕೊಳದಿಂದ 4 ಟನ್ ಇಳುವರಿ ನಿರೀಕ್ಷಿಸಿ, ಪ್ರತಿ ಕಿಲೋ ಸೀಗಡಿಗೆ ಒಂದೂವರೆ ಕಿಲೋ ಆಹಾರ ಬೇಕೆಂದುಕೊಂಡರೆ, ಒಟ್ಟು ಆಹಾರ 6 ಟನ್. ಟನ್ನಿಗೆ 800 ಗ್ರಾಂನಂತೆ 4.8 ಕಿಲೋ ಸಾರ ಬೇಕು. ಒಣಸೊಪ್ಪಿನ ತೂಕದ ಶೇ. 8ರಷ್ಟು ಸಾರ ದೊರೆಯುವುದೆಂದು ಭಾವಿಸಿದರೆ, 60 ಕಿಲೋ ಒಣಸೊಪ್ಪು ಬೇಕಾಗುತ್ತದೆ. 4.8 ಕಿಲೋ ಪುಡಿಯನ್ನೇ ಬೆರೆಸಿದವನಿಗೆ ಹನ್ನೆರಡನೇ ಒಂದು ಭಾಗಕ್ಕಿಂತಲೂ ಕಡಿಮೆ ಸತ್ವ ದೊರೆತಂತಾಗುತ್ತದೆ.

ಸೀಗಡಿಯು ಆಹಾರವನ್ನು ನಿಧಾನವಾಗಿ ಕೊರೆದು ತಿನ್ನುವುದರಿಂದ, ಮೇಲೆ ಸವರಿದ ಸಾರವು ನೀರಿನಲ್ಲಿ ಕರಗಿ ಹೋಗುವ ಸಂಭವವೂ ಇದೆ. ಇದನ್ನು ತಡೆಯಲು ಸೂಕ್ತ ಅಂಟುಪದಾರ್ಥದೊಂದಿಗೆ ಸವರಿ, ನೆರಳಿನಲ್ಲಿ ಒಣಗಿಸಿ, ಆದಷ್ಟು ಬೇಗ ಬಳಸಬೇಕು. ನೆಲಬೇವಿನಂತಹ ಕಹಿ ಸಸ್ಯಗಳಿಂದ ಆಹಾರ ಸೇವನೆ ತಗ್ಗುವ ಸಾಧ್ಯತೆಯಿರುವುದರಿಂದ ಪರೀಕ್ಷಾ ತಟ್ಟೆಗಳನ್ನು ತಪ್ಪದೆ ಗಮನಿಸಬೇಕು. ಪ್ರಚೋದಕಗಳನ್ನು ನಿರಂತರವಾಗಿ ನೀಡಿದರೆ ರಕ್ಷಣಾ ವ್ಯವಸ್ಥೆಯೇ ದಣಿಯಬಹುದಾದ್ದರಿಂದ, ಮಧ್ಯೆ ಬಿಡುವು ನೀಡುವ ಕ್ರಮವು ಯುಕ್ತ.

‘ಗಿಡಮೂಲಿಕೆ’ ಎಂದ ಮಾತ್ರಕ್ಕೆ ನಿರಪಾಯವಲ್ಲ

ಸಸ್ಯಗಳ ಶಕ್ತಿಯನ್ನು ನಮ್ಮ ಕೃಷಿಕರು ಇನ್ನೊಂದು ಬಗೆಯಲ್ಲಿ ಬಲ್ಲರು. ಬಿತ್ತನೆಗೆ ಮುನ್ನ ಕೊಳದಲ್ಲಿ ಉಳಿದ ಅನಗತ್ಯ ಮೀನುಗಳನ್ನು ಕೊಲ್ಲಲು ಹಿಪ್ಪೆ ಹಿಂಡಿಯನ್ನು 200ರಿಂದ 250 ಪಿಪಿಎಂ ಪ್ರಮಾಣದಲ್ಲಿ ಬಳಸುವುದು ರೂಢಿ. ಒಂದು ಮೀಟರ್ ಆಳದ ಹೆಕ್ಟೇರ್ ಕೊಳಕ್ಕೆ ಇದು 2 ರಿಂದ 2.5 ಟನ್. ಮೀನನ್ನು ಕೊಲ್ಲುವ ಸಪೋನಿನ್ ಸಸ್ಯದ್ದೇ ಎಂಬುದನ್ನು ನೆನಪಿಡಬೇಕು. ಅಂತೆಯೇ ಬೇವಿನಲ್ಲಿರುವ ಅಜಾಡಿರಾಕ್ಟಿನ್ ಕೀಟಗಳ ಪೊರೆ ಕಳಚುವ ಕ್ರಿಯೆಯನ್ನು ಕೆಡಿಸುತ್ತದೆ. ಸೀಗಡಿಯೂ ಪೊರೆ ಕಳಚಿಯೇ ಬೆಳೆಯುವ ಪ್ರಾಣಿಯಾದ್ದರಿಂದ ಬೇವಿನ ಉತ್ಪನ್ನಗಳನ್ನು ತಜ್ಞರ ಸಲಹೆಯಿಲ್ಲದೆ ಕೊಳಕ್ಕೆ ಸುರಿಯಬಾರದು.

ರಫ್ತುದಾರರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಕ್ಲೋರಾಂಫೆನಿಕಾಲ್ ಮೂಲತಃ ಮಣ್ಣಿನ ಬ್ಯಾಕ್ಟೀರಿಯಾ ಉತ್ಪಾದಿಸುವ ವಸ್ತು. ಯಾರೂ ಔಷಧ ಬಳಸದಿದ್ದರೂ ಕೆಲವು ಮೂಲಿಕೆಗಳಲ್ಲಿ ಹಾಗೂ ಹುಲ್ಲುಗಳಲ್ಲಿ ಇದರ ಅಂಶ ಸಹಜವಾಗಿ ಕಂಡುಬರಬಲ್ಲುದೆಂಬುದನ್ನು ನೆದರ್‌ಲೆಂಡ್ಸ್‌ನ ಸಂಶೋಧಕರು 2010ರಲ್ಲಿ ತೋರಿಸಿಕೊಟ್ಟರು. ಪ್ರತಿಜೀವಕದಿಂದ ದೂರವಿರಲೆಂದು ಕೊಂಡ ಮೂಲಿಕೆಯೇ ಪ್ರತಿಜೀವಕದ ಸುಳಿವನ್ನು ಹೊತ್ತು ಬರಬಹುದು. ಇದಲ್ಲದೆ ಕೀಟನಾಶಕದ ಶೇಷ, ಭಾರಲೋಹ, ಬೂಷ್ಟಿನ ವಿಷ ಇವುಗಳ ಸಾಧ್ಯತೆಯೂ ಇದೆ. ಹಾಗಾಗಿ ಮೂಲಿಕೆಯ ಪ್ರತಿಯೊಂದು ತಂಡವನ್ನೂ ಬಳಕೆಗೆ ಮುನ್ನ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಅನಿವಾರ್ಯ. ಪ್ರತಿಜೀವಕಮುಕ್ತವೆಂದು ಕರಾವಳಿ ಜಲಕೃಷಿ ಪ್ರಾಧಿಕಾರದಲ್ಲಿ ನೋಂದಣಿಯಾದ ಉತ್ಪನ್ನಗಳನ್ನೇ ಕೊಳ್ಳುವುದು ಕ್ಷೇಮಕರ.

ಖರ್ಚು ವೆಚ್ಚದ ವಿಚಾರ

ಸೀಗಡಿ ಕೃಷಿಯ ವೆಚ್ಚದಲ್ಲಿ ಆಹಾರದ ಪಾಲೇ ಅರ್ಧಕ್ಕಿಂತ ಹೆಚ್ಚು. ಲೆಕ್ಕಕ್ಕಾಗಿ, ಮೂಲಿಕೆಯಿಂದ ಪ್ರತಿ ಕಿಲೋ ಆಹಾರಕ್ಕೆ 10 ರೂಪಾಯಿ ಹೆಚ್ಚುವರಿ ತಗಲುವುದೆಂದು ಇಟ್ಟುಕೊಳ್ಳೋಣ. 6 ಟನ್ ಆಹಾರಕ್ಕೆ 60,000 ರೂಪಾಯಿ. ಸೀಗಡಿಯ ಬೆಲೆ ಕಿಲೋಗೆ 300 ರೂಪಾಯಿಯಾದರೆ, ಈ ಹಣ ಮರಳಲು ಕನಿಷ್ಠ 200 ಕಿಲೋ, ಅಂದರೆ 4 ಟನ್ ಇಳುವರಿಯ ಶೇ. 5ರಷ್ಟು, ಹೆಚ್ಚುವರಿ ಸೀಗಡಿ ದೊರೆಯಬೇಕು. ಪ್ರತಿಯೊಬ್ಬ ಕೃಷಿಕನೂ ತನ್ನ ಊರಿನ ದರಗಳನ್ನು ಹಾಕಿ ಇದೇ ಲೆಕ್ಕವನ್ನು ಮಾಡಿ ನೋಡಬೇಕು.

ಫಲವನ್ನು ಅರಿಯಲು ಒಂದೇ ಕೊಳದ ಅನುಭವ ಸಾಲದು. ಒಂದೇ ತಂಡದ ಮರಿ, ಒಂದೇ ಸಾಂದ್ರತೆ, ಒಂದೇ ಆಹಾರವಿರುವ ಕನಿಷ್ಠ ಮೂರು ಕೊಳಗಳಲ್ಲಿ ಮೂಲಿಕೆ ನೀಡಿ, ಇನ್ನು ಮೂರರಲ್ಲಿ ನೀಡದೆ, ಈ ಕೆಳಗಿನವುಗಳನ್ನು ದಾಖಲಿಸಬೇಕು:

1. ಬದುಕುಳಿದ ಸೀಗಡಿಗಳ ಶೇಕಡಾ ಪ್ರಮಾಣ
2. ವಾರದ ಸರಾಸರಿ ತೂಕ
3. ಬಳಸಿದ ಒಟ್ಟು ಆಹಾರ
4. ನೀರಿನ ಹಾಗೂ ಜೀರ್ಣಗ್ರಂಥಿಯ ವಿಬ್ರಿಯೋ ಎಣಿಕೆ

ಕರಾವಳಿಯ ಗಜನಿ ಭೂಮಿಗಳಲ್ಲಿ ಉಬ್ಬರದ ನೀರಿನೊಂದಿಗೆ ಬರುವ ಮರಿಗಳನ್ನು ಹೊರಗಿನ ಆಹಾರವಿಲ್ಲದೆ ಬೆಳೆಸುವ ಸಾಂಪ್ರದಾಯಿಕ ಪದ್ಧತಿಗೆ ಈ ವಿಧಾನ ಅನ್ವಯಿಸುವುದಿಲ್ಲ. ಆಹಾರವೇ ನೀಡದಿರುವಲ್ಲಿ ಆಹಾರದ ಮೂಲಕ ಮೂಲಿಕೆ ನೀಡುವ ಪ್ರಶ್ನೆಯೇ ಇಲ್ಲ.

ಉದ್ಯಮಕ್ಕೆ ಇರುವ ಅವಕಾಶ

ಮೇಲ್ಕಂಡ ಐದು ಸಸ್ಯಗಳಲ್ಲಿ ಕಟುಕರೋಹಿಣಿಯು ಹಿಮಾಲಯದ್ದು. ಅಳಿವಿನಂಚಿನ ಕಾರಣ ಅದರ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಯಂತ್ರಣವಿದೆ. ಉಳಿದ ನಾಲ್ಕೂ ಕರ್ನಾಟಕದಲ್ಲಿ ದೊರೆಯುವಂಥವು. ಅವುಗಳನ್ನು ಕಾಡಿನಿಂದ ಸಂಗ್ರಹಿಸುವ ಬದಲು ರೈತರಿಂದ ಒಪ್ಪಂದದ ಮೇಲೆ ಬೆಳೆಸಿ, ಸಾರದ ಸತ್ವವನ್ನು ಪ್ರಮಾಣೀಕರಿಸಿ, ಪ್ರತಿ ತಂಡಕ್ಕೂ ಪರೀಕ್ಷಾ ವರದಿ ನೀಡಬಲ್ಲ ಘಟಕಗಳಿಗೆ ಉತ್ತಮ ಅವಕಾಶವಿದೆ. ಇಂದು ಮಾರುಕಟ್ಟೆಯಲ್ಲಿ ಕೊರತೆಯಿರುವುದು ಮೂಲಿಕೆಗಲ್ಲ, ನಂಬಬಹುದಾದ ಮೂಲಿಕೆಗೆ. ಮಂಗಳೂರಿನ ಮೀನುಗಾರಿಕಾ ಕಾಲೇಜು, ಚೆನ್ನೈನ ಕೇಂದ್ರೀಯ ಉಪ್ಪುನೀರು ಜಲಕೃಷಿ ಸಂಸ್ಥೆ ಮುಂತಾದವುಗಳ ತಾಂತ್ರಿಕ ನೆರವನ್ನು ಉದ್ಯಮಿಗಳು ಪಡೆಯಬೇಕು.

ಒಟ್ಟಿನಲ್ಲಿ, ಔಷಧೀಯ ಸಸ್ಯಗಳು ರೋಗ ಬಂದ ಮೇಲೆ ನೀಡುವ ಚಿಕಿತ್ಸೆಯಲ್ಲ. ಬರುವ ಮುನ್ನ ಒದಗುವ ಹಲವು ಆಸರೆಗಳಲ್ಲಿ ಒಂದು. ಪಿಸಿಆರ್ ಪರೀಕ್ಷೆಗೊಳಪಟ್ಟ ರೋಗಮುಕ್ತ ಮರಿ, ಏಡಿಗಳು ನುಸುಳದಂತೆ ಬೇಲಿ, ಸೋಸಿ ಶುದ್ಧೀಕರಿಸಿದ ನೀರು, ಮಿತವಾದ ಸಾಂದ್ರತೆ, ಬೆಳೆಗಳ ನಡುವೆ ಕೊಳವನ್ನು ಒಣಗಿಸುವ ಶಿಸ್ತು ಇವುಗಳ ಸ್ಥಾನವನ್ನು ಯಾವ ಮೂಲಿಕೆಯೂ ತುಂಬಲಾರದು. ಇವೆಲ್ಲವೂ ಇದ್ದು, ಅವುಗಳ ಜೊತೆಗೆ ಪರೀಕ್ಷಿತ ಸಸ್ಯಸಾರವನ್ನು ತೂಕ ತಪ್ಪದೆ ಬಳಸಿದಲ್ಲಿ, ಕೊಳದ ಬೆಳೆಯೂ ರಫ್ತಿನ ವಿಶ್ವಾಸವೂ ಉಳಿಯುವ ಸಾಧ್ಯತೆ ಹೆಚ್ಚುತ್ತದೆ.