ಮೂಲೆ ಸೇರಿದ ರೌಟರಿನ ಮರುಬಳಕೆ: ಕೆಳಗೆ ಅಂಗಡಿ, ಮೇಲೆ ಮನೆ ಇರುವವರಿಗೆ ಒಂದು ಪಾಠ

ಬೆಂಗಳೂರು ದಂಡು ಪ್ರದೇಶದ ಹಳೆಯ ಬಡಾವಣೆಗಳಾದ ಶಿವಾಜಿನಗರ ಮತ್ತು ಹಲಸೂರುಗಳಲ್ಲಿ ಕೆಳಗೆ ಅಂಗಡಿ, ಮೇಲೆ ವಾಸದ ಮನೆ ಎಂಬ ಏರ್ಪಾಡು ಇಂದಿಗೂ ಸಾಮಾನ್ಯವಾಗಿದೆ. ಅಗಲ ಕಿರಿದಾದ, ಉದ್ದ ಹೆಚ್ಚಾದ ನಿವೇಶನ, ದಪ್ಪನೆಯ ಗೋಡೆಗಳು, ಅವುಗಳ ಮೇಲೆ ಕಾಲಾನುಕ್ರಮದಲ್ಲಿ ಎದ್ದ ಕಾಂಕ್ರೀಟಿನ ಅಂತಸ್ತುಗಳು. ಇಂತಹ ಕಟ್ಟಡದಲ್ಲಿ ಅಂತರ್ಜಾಲ ಸಂಪರ್ಕವು ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಹೊರಡುವ ವೈ-ಫೈ ಅಲೆಗಳು ಎರಡು ತಾರಸಿಗಳನ್ನು ದಾಟುವಷ್ಟರಲ್ಲಿ ಬಹುಪಾಲು ಕ್ಷೀಣಿಸುತ್ತವೆ. ತಿಂಗಳ 20ನೆಯ ತಾರೀಖಿನ ರಾತ್ರಿ ಮನೆಯಲ್ಲಿ ಕುಳಿತು ಜಿ.ಎಸ್.ಟಿ. ವಿವರಣಪತ್ರ ಸಲ್ಲಿಸಲು ಹೊರಟ ವರ್ತಕರಿಗೆ ಈ ತೊಂದರೆಯ ಅನುಭವ ಇದ್ದೇ ಇರುತ್ತದೆ.

ಅದೇ ಮನೆಯ ಅಟ್ಟದಲ್ಲಿ ಅಥವಾ ಬೀರುವಿನಲ್ಲಿ ಹಳೆಯ ರೌಟರೊಂದು ಧೂಳು ತಿನ್ನುತ್ತ ಬಿದ್ದಿರುವುದೂ ಅಷ್ಟೇ ಸಾಮಾನ್ಯ. 2005ರಲ್ಲಿ ಬಿ.ಎಸ್.ಎನ್.ಎಲ್. ಸಂಸ್ಥೆಯ ಡೇಟಾಒನ್ ಸೇವೆ ಆರಂಭವಾದ ಮೇಲೆ ದೂರವಾಣಿ ತಂತಿಯ ಬ್ರಾಡ್‌ಬ್ಯಾಂಡ್ ಮನೆಮನೆಗೆ ಬಂದಿತು. ಅನಂತರ ಆಪ್ಟಿಕಲ್ ಫೈಬರ್ ಬಂದಿತು. ಪ್ರತಿ ಬದಲಾವಣೆಯಲ್ಲೂ ಒಂದೊಂದು ಉಪಕರಣ ಮೂಲೆ ಸೇರಿತು. ಆ ಉಪಕರಣವನ್ನು ಮೇಲಂತಸ್ತಿನ ವೈ-ಫೈ ಕೇಂದ್ರವಾಗಿ, ಅಂದರೆ ಆಕ್ಸೆಸ್ ಪಾಯಿಂಟ್ ಆಗಿ, ಬಳಸುವ ಕ್ರಮವನ್ನೂ ಅದರಲ್ಲಿ ವಹಿಸಬೇಕಾದ ಎಚ್ಚರಿಕೆಗಳನ್ನೂ ಇಲ್ಲಿ ವಿವರಿಸಲಾಗಿದೆ.

ಒಂದು ಪೆಟ್ಟಿಗೆ, ಮೂರು ಕೆಲಸ

ರೌಟರ್ ಎಂದು ನಾವು ಕರೆಯುವ ಪೆಟ್ಟಿಗೆಯು ವಾಸ್ತವವಾಗಿ ಮೂರು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದು, ಹೊರಗಿನ ಅಂತರ್ಜಾಲಕ್ಕೂ ಒಳಗಿನ ಜಾಲಕ್ಕೂ ನಡುವೆ ದ್ವಾರಪಾಲಕನಾಗಿ ನಿಂತು, ಒಳಗಿನ ಪ್ರತಿಯೊಂದು ಉಪಕರಣಕ್ಕೂ ಐ.ಪಿ. ವಿಳಾಸ ಹಂಚುವುದು. ಈ ಹಂಚಿಕೆಯ ವ್ಯವಸ್ಥೆಗೆ ಡಿ.ಎಚ್.ಸಿ.ಪಿ. ಎಂದು ಹೆಸರು. ಎರಡನೆಯದು, ತಂತಿಯಿಂದ ಜೋಡಿಸಿದ ಗಣಕಗಳನ್ನು ಪರಸ್ಪರ ಕೂಡಿಸುವುದು. ಮೂರನೆಯದು, ತಂತಿಯಿಲ್ಲದ ಸಂಪರ್ಕ ಒದಗಿಸುವುದು.

ಹಳೆಯ ರೌಟರನ್ನು ಆಕ್ಸೆಸ್ ಪಾಯಿಂಟ್ ಮಾಡುವುದೆಂದರೆ ಮೊದಲ ಕೆಲಸವನ್ನು ಅದರಿಂದ ಕಸಿದುಕೊಂಡು ಉಳಿದೆರಡನ್ನು ಮಾತ್ರ ಬಿಟ್ಟುಕೊಡುವುದು. ಒಂದು ಸಂಸ್ಥೆಯಲ್ಲಿ ರಸೀತಿ ಪುಸ್ತಕಕ್ಕೆ ಕ್ರಮಸಂಖ್ಯೆ ಕೊಡುವ ಅಧಿಕಾರ ಇಬ್ಬರು ಗುಮಾಸ್ತರಿಗೆ ಇದ್ದರೆ ಒಂದೇ ಸಂಖ್ಯೆ ಎರಡು ರಸೀತಿಗಳ ಮೇಲೆ ಬೀಳುವುದು ಖಚಿತ. ಜಾಲದಲ್ಲಿಯೂ ಹಾಗೆಯೇ. ಎರಡು ರೌಟರುಗಳು ವಿಳಾಸ ಹಂಚತೊಡಗಿದರೆ ಒಂದೇ ವಿಳಾಸ ಇಬ್ಬರಿಗೆ ಹೋಗಬಹುದು. ಕೆಲವು ಉಪಕರಣಗಳು ಹೊರದಾರಿಯನ್ನು ಹಳೆಯ ರೌಟರಿನಲ್ಲಿ ಹುಡುಕಿ ಸೋಲಬಹುದು. ಮೇಲೆ ಮಾಡಿದ ತಪ್ಪಿಗೆ ಕೆಳಗಿನ ಬಿಲ್ಲಿಂಗ್ ಗಣಕ ನಿಲ್ಲುತ್ತದೆ. ಶನಿವಾರದ ಸಂಜೆ ಕಮರ್ಷಿಯಲ್ ಬೀದಿಯ ಅಂಗಡಿಯಲ್ಲಿ ಇದು ಸಂಭವಿಸಿದರೆ ಆಗುವ ನಷ್ಟವನ್ನು ವಿವರಿಸಬೇಕಾಗಿಲ್ಲ.

ಅನುಸರಿಸಬೇಕಾದ ಕ್ರಮ

ಮುಖ್ಯ ರೌಟರಿನ ವಿಳಾಸ 192.168.1.1 ಎಂದೂ ಅದು 192.168.1.100ರಿಂದ 192.168.1.199ರವರೆಗಿನ ವಿಳಾಸಗಳನ್ನು ಹಂಚುತ್ತಿದೆ ಎಂದೂ ಇಟ್ಟುಕೊಳ್ಳೋಣ. ಕೆಲಸವನ್ನು ವ್ಯಾಪಾರದ ವೇಳೆ ಮುಗಿದ ಬಳಿಕ ಕೈಗೊಳ್ಳುವುದು ಲೇಸು.

1. ಹಳೆಯ ರೌಟರಿನ ವಿದ್ಯುತ್ ಅಡಾಪ್ಟರ್ ಅದರದ್ದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. 9 ವೋಲ್ಟ್ ಮತ್ತು 12 ವೋಲ್ಟ್ ಅಡಾಪ್ಟರುಗಳ ಪಿನ್ನುಗಳು ನೋಡಲು ಒಂದೇ ರೀತಿ ಇರುತ್ತವೆ. ಅದಲುಬದಲಾದರೆ ಉಪಕರಣ ಸುಡಬಹುದು.

2. ಹಳೆಯ ರೌಟರನ್ನು ಮುಖ್ಯ ಜಾಲಕ್ಕೆ ಸೇರಿಸದೆ, ರೀಸೆಟ್ ಗುಂಡಿಯನ್ನು ಸುಮಾರು 10 ಸೆಕೆಂಡು ಒತ್ತಿಹಿಡಿದು ಹಿಂದಿನ ಹೊಂದಾಣಿಕೆಗಳನ್ನೆಲ್ಲ ಅಳಿಸಬೇಕು. ಬಳಿಕ ಅದರ ಲ್ಯಾನ್ ಕಿಂಡಿಗೆ ಒಂದು ಗಣಕವನ್ನು ಕೇಬಲ್ಲಿನಿಂದ ಜೋಡಿಸಿ, ತಳಭಾಗದ ಚೀಟಿಯಲ್ಲಿ ಮುದ್ರಿತವಾಗಿರುವ ವಿಳಾಸವನ್ನು ಬ್ರೌಸರಿನಲ್ಲಿ ತೆರೆಯಬೇಕು.

3. ಆಡಳಿತದ ಪಾಸ್‌ವರ್ಡನ್ನು ಕೂಡಲೇ ಬದಲಾಯಿಸಬೇಕು. ತಯಾರಕರು ಹೊಸ ಫರ್ಮ್‌ವೇರ್ ಒದಗಿಸಿದ್ದರೆ ಅದನ್ನು ಅಳವಡಿಸಬೇಕು.

4. ವೈ-ಫೈ ಭದ್ರತೆಗೆ ಡಬ್ಲ್ಯು.ಪಿ.ಎ.-2 ಮತ್ತು ಎ.ಇ.ಎಸ್. ಆಯ್ದುಕೊಳ್ಳಬೇಕು. ಡಬ್ಲ್ಯು.ಪಿ.ಎಸ್. ಸೌಲಭ್ಯವನ್ನು ನಿಲ್ಲಿಸಬೇಕು. ಜಾಲದ ಹೆಸರು, ಪಾಸ್‌ವರ್ಡುಗಳನ್ನು ಕೆಳಗಿನ ರೌಟರಿನಲ್ಲಿರುವಂತೆಯೇ ಇಟ್ಟರೆ ದೂರವಾಣಿಗಳು ಅಂತಸ್ತು ಬದಲಾದಾಗ ತಾವಾಗಿಯೇ ಬದಲಾಗಬಲ್ಲವು. ಬೇರೆ ಹೆಸರಿಟ್ಟರೆ ಯಾವುದಕ್ಕೆ ಸೇರಿದ್ದೇವೆಂಬುದು ಸ್ಪಷ್ಟವಾಗಿರುತ್ತದೆ.

5. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ವಾಹಿನಿಗಳು 1, 6 ಮತ್ತು 11. ಕೆಳಗೆ 1 ಇದ್ದರೆ ಮೇಲೆ 6 ಅಥವಾ 11ನ್ನು ಇಡಬೇಕು.

6. ಹಳೆಯ ರೌಟರಿನ ಲ್ಯಾನ್ ವಿಳಾಸವನ್ನು 192.168.1.2 ಎಂದು ಬದಲಾಯಿಸಬೇಕು. ಸಬ್‌ನೆಟ್ ಮಾಸ್ಕ್ 255.255.255.0 ಆಗಿರಲಿ. ಈ ವಿಳಾಸ ಮುಖ್ಯ ರೌಟರ್ ಹಂಚುವ ಶ್ರೇಣಿಯ ಹೊರಗಿದೆ ಎಂಬುದನ್ನು ಗಮನಿಸಬೇಕು. ಉಳಿಸಿದ ಕೂಡಲೇ ಪುಟ ಕಣ್ಮರೆಯಾಗುವುದು ಸಹಜ. ಕೇಬಲ್ಲನ್ನು ಒಮ್ಮೆ ತೆಗೆದು ಹಾಕಿ ಹೊಸ ವಿಳಾಸದಲ್ಲಿ ಮತ್ತೆ ಪ್ರವೇಶಿಸಬೇಕು.

7. ಎಲ್ಲಕ್ಕೂ ಕೊನೆಯಲ್ಲಿ ಡಿ.ಎಚ್.ಸಿ.ಪಿ. ಸೇವೆಯನ್ನು ನಿಲ್ಲಿಸಿ ಉಳಿಸಬೇಕು.

8. ಮುಖ್ಯ ರೌಟರಿನ ಲ್ಯಾನ್ ಕಿಂಡಿಯಿಂದ ಹಳೆಯ ರೌಟರಿನ ಲ್ಯಾನ್ ಕಿಂಡಿಗೆ ಕೇಬಲ್ ಎಳೆಯಬೇಕು. ವ್ಯಾನ್ ಕಿಂಡಿ ಖಾಲಿ ಇರಲಿ. ದೂರವಾಣಿ ತಂತಿಯ ಹಳೆಯ ಮೋಡೆಮ್‌ಗಳಲ್ಲಿ ತಂತಿಯ ಕಿಂಡಿಯನ್ನು ಖಾಲಿ ಬಿಟ್ಟು ಲ್ಯಾನ್ ಕಿಂಡಿಯನ್ನೇ ಬಳಸಬಹುದು.

ವ್ಯಾನ್ ಕಿಂಡಿಗೆ ಜೋಡಿಸಿದರೆ ಮೇಲಂತಸ್ತಿನಲ್ಲಿ ಜಾಲದೊಳಗೊಂದು ಜಾಲ ಹುಟ್ಟುತ್ತದೆ. ಅಂತರ್ಜಾಲ ದೊರೆತರೂ ಮೇಲಿನ ಗಣಕಕ್ಕೆ ಕೆಳಗಿನ ಮುದ್ರಣಯಂತ್ರ ತಾನಾಗಿ ಕಾಣಿಸದೆ ಹೋಗಬಹುದು. ಎರಡೂ ಕಡೆ ಒಂದೇ ವಿಳಾಸಶ್ರೇಣಿ ಇದ್ದರೆ ಅಂತರ್ಜಾಲವೂ ಸಿಗದು. ಇತ್ತೀಚಿನ ಹಲವು ರೌಟರುಗಳಲ್ಲಿ ಆಕ್ಸೆಸ್ ಪಾಯಿಂಟ್ ಎಂಬ ಆಯ್ಕೆಯೇ ಇರುತ್ತದೆ. ಆಗ ಮೇಲಿನ ಬದಲಾವಣೆಗಳು ತಾವಾಗಿ ಆಗುತ್ತವೆ. ಕಿಂಡಿಯ ವಿಷಯದಲ್ಲಿ ಕೈಪಿಡಿಯನ್ನು ಅನುಸರಿಸಬೇಕು.

ಕೇಬಲ್ ಮತ್ತು ವೇಗ

ಕ್ಯಾಟ್-5ಇ ಕೇಬಲ್ 100 ಮೀಟರ್‌ವರೆಗೆ ಸಾಕಾಗುತ್ತದೆ, ಎಸ್.ಪಿ. ರಸ್ತೆಯಲ್ಲಿ ಬೇಕಾದ ಉದ್ದಕ್ಕೆ ದೊರೆಯುತ್ತದೆ. ವಿದ್ಯುತ್ ತಂತಿಯ ಕೊಳವೆಯೊಳಗೆ ಇದನ್ನು ಸೇರಿಸಬಾರದು. ಹಳೆಯ ರೌಟರಿನ ಕಿಂಡಿಗಳು 100 ಎಂ.ಬಿ.ಪಿ.ಎಸ್. ಮಿತಿಯವಾಗಿದ್ದರೆ, ಕೆಳಗೆ 300 ಎಂ.ಬಿ.ಪಿ.ಎಸ್. ಸಂಪರ್ಕವಿದ್ದರೂ ಮೇಲೆ 100ಕ್ಕಿಂತ ಹೆಚ್ಚು ದೊರೆಯದು. ವಿವರಣಪತ್ರ ಸಲ್ಲಿಕೆಗೂ ಮಕ್ಕಳ ಪಾಠಕ್ಕೂ ಅಷ್ಟು ಧಾರಾಳ. ವಿದ್ಯುತ್ ಹೋದಾಗ ಮೇಲಿನ ಪೆಟ್ಟಿಗೆಗೂ ಬ್ಯಾಟರಿಯ ಆಸರೆ ಬೇಕೆಂಬುದನ್ನು ಮರೆಯಬಾರದು.

ಭದ್ರತೆ: ಉಳಿತಾಯಕ್ಕಿಂತ ಮುಖ್ಯವಾದುದು

ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯ ವೈ-ಫೈ ಬಳಕೆಗೆ 2005ರಿಂದ ಪರವಾನಗಿ ಬೇಕಿಲ್ಲ. ಆದರೆ ಪರವಾನಗಿ ಇಲ್ಲವೆಂದರೆ ಹೊಣೆ ಇಲ್ಲವೆಂದಲ್ಲ. 2008ರ ಜುಲೈ ತಿಂಗಳಿನಲ್ಲಿ ಅಹಮದಾಬಾದ್ ಸ್ಫೋಟಗಳಿಗೆ ಮುನ್ನ ಕಳುಹಿಸಲಾದ ಬೆದರಿಕೆಯ ಇ-ಮೇಲ್ ನವಿ ಮುಂಬಯಿಯ ಮನೆಯೊಂದರ ವೈ-ಫೈ ಸಂಪರ್ಕದ ಮೂಲಕ ಹೋಗಿತ್ತು. ತನಿಖಾಧಿಕಾರಿಗಳು ಮೊದಲು ಬಂದು ಬಾಗಿಲು ತಟ್ಟಿದ್ದು ಆ ಸಂಪರ್ಕದ ಚಂದಾದಾರರ ಮನೆಯನ್ನೇ. ಹಳೆಯ ರೌಟರನ್ನು ಪಾಸ್‌ವರ್ಡ್ ಇಲ್ಲದೆ ಹಚ್ಚುವವರು ಈ ಘಟನೆಯನ್ನು ನೆನಪಿನಲ್ಲಿಡಬೇಕು.

ಡಬ್ಲ್ಯು.ಇ.ಪಿ. ಭದ್ರತೆಯನ್ನಷ್ಟೇ ಬಲ್ಲ ಅತಿ ಹಳೆಯ ಪೆಟ್ಟಿಗೆಯನ್ನು ಬಳಸಲೇಬಾರದು; ಅದನ್ನು ನಿಮಿಷಗಳಲ್ಲಿ ಭೇದಿಸಬಹುದು. ಅಂತಹುದನ್ನು ಗುಜರಿಗೆ ಹಾಕದೆ ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸುವುದು ಸರಿಯಾದ ಕ್ರಮ.

ಇನ್ನೊಂದು ಸೂಕ್ಷ್ಮವಿದೆ. ಮೇಲೆ ವಿವರಿಸಿದ ವಿಧಾನದಲ್ಲಿ ಮನೆ ಮತ್ತು ಅಂಗಡಿ ಒಂದೇ ಜಾಲವಾಗುತ್ತವೆ. ಮನೆಗೆ ಬಂದ ಅತಿಥಿಗೆ ಪಾಸ್‌ವರ್ಡ್ ಕೊಟ್ಟರೆ, ಲೆಕ್ಕಪತ್ರಗಳಿರುವ ಗಣಕದ ಬಳಿಗೆ ಹೋಗುವ ದಾರಿಯನ್ನೂ ತೋರಿಸಿದಂತಾಗುತ್ತದೆ. ಆದ್ದರಿಂದ ಹಂಚಿಕೆಯ ಕಡತಕೋಶಗಳಿಗೆ ಪ್ರತ್ಯೇಕ ಪಾಸ್‌ವರ್ಡ್ ಇಡಬೇಕು; ಲೆಕ್ಕಪತ್ರಗಳ ಪ್ರತಿಯನ್ನು ಜಾಲದಿಂದ ಹೊರಗೂ ಇರಿಸಬೇಕು; ಅತಿಥಿಗಳಿಗೆ ಮುಖ್ಯ ರೌಟರಿನ ಅತಿಥಿಜಾಲವನ್ನೇ ಕೊಡಬೇಕು. ಹಳೆಯ ರೌಟರಿನ ಅತಿಥಿಜಾಲವು ಈ ಜೋಡಣೆಯಲ್ಲಿ ಪ್ರತ್ಯೇಕತೆ ನೀಡುತ್ತದೆಂದು ನಂಬಲಾಗದು. ಮನೆ ಮತ್ತು ವ್ಯವಹಾರಗಳನ್ನು ಪೂರ್ಣವಾಗಿ ಬೇರ್ಪಡಿಸಬೇಕಾದವರಿಗೆ ಈ ವಿಧಾನ ತಕ್ಕುದಲ್ಲ. ಅವರು ಎರಡು ಸಂಪರ್ಕಗಳನ್ನು ಪಡೆಯುವುದೇ ಉತ್ತಮ.

ಲೆಕ್ಕದ ಪುಸ್ತಕದಲ್ಲಿ ರೌಟರ್

ಗಣಕದೊಂದಿಗೆ ಬಳಸುವ ರೌಟರನ್ನು ಸವಕಳಿಯ ಉದ್ದೇಶಕ್ಕೆ ಗಣಕವೆಂದೇ ಪರಿಗಣಿಸಬಹುದೆಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣದ ಮುಂಬಯಿ ವಿಶೇಷ ಪೀಠವು 2010ರಲ್ಲಿ ಡೇಟಾಕ್ರಾಫ್ಟ್ ಇಂಡಿಯಾ ಪ್ರಕರಣದಲ್ಲಿ ಹೇಳಿತು. ಆಗ ದರ ಶೇ. 60 ಇತ್ತು, 2017-18ರ ಹಣಕಾಸು ವರ್ಷದಿಂದ ಅದು ಶೇ. 40ಕ್ಕೆ ಇಳಿಯಿತು. ರೂ. 2,000 ಬೆಲೆಯ ರೌಟರಿಗೆ ಈ ದರದಲ್ಲಿ ಐದು ಪೂರ್ಣ ವರ್ಷಗಳ ಸವಕಳಿ ಕಳೆದರೆ ಉಳಿಯುವುದು ಸುಮಾರು ರೂ. 156 ಮಾತ್ರ. ಪುಸ್ತಕದಲ್ಲಿ ಬೆಲೆ ಕರಗಿದರೂ ಉಪಯೋಗ ಕರಗಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಆದರೆ ಅಂಗಡಿಯ ಹೆಸರಿನಲ್ಲಿ ಕೊಂಡು ಹೂಡುವಳಿ ತೆರಿಗೆ ಜಮೆ ಪಡೆದಿರುವ ಉಪಕರಣವನ್ನು ಶಾಶ್ವತವಾಗಿ ಮನೆಬಳಕೆಗೆ ಕೊಂಡೊಯ್ದರೆ, ಕೇಂದ್ರ ಜಿ.ಎಸ್.ಟಿ. ಅಧಿನಿಯಮ, 2017ರ ಮೊದಲನೆಯ ಅನುಸೂಚಿಯಂತೆ ಅದು ಪ್ರತಿಫಲವಿಲ್ಲದಿದ್ದರೂ ಪೂರೈಕೆ ಎನಿಸುತ್ತದೆ. ಮೊತ್ತ ಅಲ್ಪವಾದರೂ ದಾಖಲೆ ಅಚ್ಚುಕಟ್ಟಾಗಿರಬೇಕು. ಸ್ಥಳಾಂತರಿಸಿದ ದಿನಾಂಕ ಮತ್ತು ಉದ್ದೇಶವನ್ನು ಸ್ವತ್ತುಗಳ ವಹಿಯಲ್ಲಿ ಬರೆದಿಡುವುದು, ಹೊಸ ವಿಳಾಸವಾದ 192.168.1.2ನ್ನು ಪೆಟ್ಟಿಗೆಯ ತಳದಲ್ಲಿ ಅಂಟಿಸುವುದು, ಈ ಎರಡು ಸಣ್ಣ ಕೆಲಸಗಳನ್ನು ಅಂದೇ ಮುಗಿಸಿದರೆ ಮುಂದೆ ಲೆಕ್ಕಪರಿಶೋಧಕರಿಗೂ ದುರಸ್ತಿಗೆ ಬರುವವರಿಗೂ ಅನುಕೂಲವಾಗುತ್ತದೆ.