ಕೋಟೆ ನೋಡಿ, ಮನೆಯವರನ್ನೂ ಕಂಡು ಬನ್ನಿ

ದಸರಾ ರಜೆಯಲ್ಲಿ ಮಕ್ಕಳೊಡನೆ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಕಡೆ ಹೊರಟಿದ್ದೀರಾ? ಒಳ್ಳೆಯದು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಬಂಡೆ ಕಾಯುವ ಮುನ್ನ ಹತ್ತಿರಿ. ಶಿರಾ 1687ರಲ್ಲಿ ಮೊಘಲರ ಕೈಸೇರಿ, ಒಂದು ಪ್ರಾಂತ್ಯದ ರಾಜಧಾನಿಯಾಗಿತ್ತೆಂದು ಮಕ್ಕಳಿಗೆ ತಿಳಿಸಿ. 1696ರ ಜುಮ್ಮಾ ಮಸೀದಿಯನ್ನು, ಅದಕ್ಕೂ ಹಿಂದೆ ಬಿಜಾಪುರದ ಪರವಾಗಿ ಆಳಿದ ಮಲಿಕ್ ರಿಹಾನನ ಗೋರಿಯನ್ನು ಗೌರವದಿಂದ ತೋರಿಸಿ.

ಆದರೆ ಒಂದು ಮಾತು. ಕೋಟೆಗೆ ಅರ್ಧ ದಿನ, ಅದೇ ದಾರಿಯಲ್ಲಿರುವ ಅಜ್ಜಿಯ ಮನೆಗೆ ಹತ್ತು ನಿಮಿಷ! ಇದು ಸರಿಯೇ?

ಅಕ್ಟೋಬರ್ ಜಪಮಾಲೆಯ ತಿಂಗಳು. ಸಂತೋಷದ ಎರಡನೆಯ ರಹಸ್ಯದಲ್ಲಿ ನಾವು ಧ್ಯಾನಿಸುವುದೇನು? ಮಾತೆ ಮರಿಯಮ್ಮನವರು ಬೆಟ್ಟದ ನಾಡಿಗೆ ಅವಸರದಿಂದ ಹೋದರು, ಹಿಂದಿರುಗಲು ಅವಸರಪಡಲಿಲ್ಲ. ವಯಸ್ಸಾದ ಎಲಿಜಬೇತಮ್ಮನವರ ಬಳಿ ಸುಮಾರು ಮೂರು ತಿಂಗಳು ಉಳಿದರೆಂದು ಸಂತ ಲೂಕರು ತಿಳಿಸುತ್ತಾರೆ (1:39–56). ಭೇಟಿ ಎಂದರೆ ಮುಖ ತೋರಿಸಿ ಬರುವುದಲ್ಲ, ಜೊತೆಗಿರುವುದು.

ಆ ಸೀಮೆಯಲ್ಲಿ ಇದು ಕಡಲೆಕಾಯಿ ಕೀಳುವ ಕಾಲ. ಜಗುಲಿಯಲ್ಲಿ ಕಾಯಿ ಬಿಡಿಸುತ್ತಾ ಕುಳಿತರೆ ಹಿರಿಯರ ಮಾತು ತಾನಾಗಿ ಹೊರಬರುತ್ತದೆ. ಜಮೀನಿನ ಪಾಲಿಗಾಗಿ ಮಾತುಬಿಟ್ಟ ಅಣ್ಣನ ಮನೆಯಿದ್ದರೆ ಮೊದಲು ಅಲ್ಲಿಗೇ ಹೋಗಿ. ಕೋಟೆ ಮುಂದಿನ ವರ್ಷವೂ ಇರುತ್ತದೆ. ನವೆಂಬರ್ 2ರಂದು ಅಗಲಿದವರ ಸಮಾಧಿಗೆ ಮೇಣದಬತ್ತಿ ಹಚ್ಚುವ ನಾವು, ಬದುಕಿರುವವರ ಬಾಗಿಲನ್ನು ಇಂದೇ ತಟ್ಟೋಣ.

ಮನೆಯಲ್ಲಿ ಚಿಂತಿಸಿ: ನಾವು ಹೋಗದೆ ಬಿಟ್ಟಿರುವ ಮನೆ ಯಾವುದು? ಅಲ್ಲಿ ಎಷ್ಟು ಹೊತ್ತು ಇರುತ್ತೇವೆ?