ಕಾರಿನ ದ್ವಿರಾಶಿ ಫ್ಲೈವೀಲು: ಸವೆತವನ್ನು ಕಂಡುಹಿಡಿಯುವ ಬಗೆ

ಕುಂಬಾರನು ತನ್ನ ತಿಗರಿಯನ್ನು ಕೋಲಿನಿಂದ ನಾಲ್ಕಾರು ಸಲ ತಿರುವಿ ಬಿಟ್ಟು, ಬಳಿಕ ಎರಡು ಕೈಗಳನ್ನೂ ಮಣ್ಣಿಗೆ ಕೊಡುವನು. ತಿರುವುವುದು ನಿಂತರೂ ತಿಗರಿಯು ನಿಲ್ಲದು. ಭಾರವಾದ ಚಕ್ರವು ತಾನು ಪಡೆದ ಚಲನೆಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಇದಕ್ಕೆ ಜಡತ್ವವೇ ಕಾರಣ. ಮೋಟಾರು ಕಾರಿನ ಎಂಜಿನಿಗೂ ಇಂಥದೊಂದು ತಿಗರಿಯುಂಟು. ಅದೇ ಫ್ಲೈವೀಲು.

ಎಂಜಿನಿಗೆ ಇದರ ಅಗತ್ಯವೇನು? ನಾಲ್ಕು ಹೊಡೆತದ ಎಂಜಿನಿನಲ್ಲಿ ಪ್ರತಿಯೊಂದು ಸಿಲಿಂಡರೂ ಎರಡು ಸುತ್ತುಗಳಿಗೆ ಒಮ್ಮೆ ಮಾತ್ರ ದಂಡವನ್ನು ನೂಕುವುದು. ಸಿಲಿಂಡರುಗಳು ನಾಲ್ಕಿದ್ದರೆ ಸುತ್ತಿಗೆ ಎರಡು ನೂಕುಗಳಾದುವು. ಕಾರು ನಿಂತಲ್ಲೇ ನಿಂತು ಎಂಜಿನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆಯೆನ್ನಿ. ಆಗ ಸೆಕೆಂಡಿಗೆ ಸುಮಾರು 27 ನೂಕುಗಳು. ನೂಕಿದಾಗ ದಂಡದ ವೇಗ ಏರುವುದು, ಎರಡು ನೂಕುಗಳ ನಡುವೆ ಇಳಿಯುವುದು. ಫ್ಲೈವೀಲು ಈ ಏರಿಳಿತವನ್ನು ತಗ್ಗಿಸಬಲ್ಲುದೇ ಹೊರತು ಪೂರ್ತಿಯಾಗಿ ಅಳಿಸಲಾರದು. ಉಳಿದ ನಡುಕವು ಕ್ಲಚ್ಚಿನ ಮೂಲಕ ಗೇರುಪೆಟ್ಟಿಗೆಯನ್ನು ಹೊಕ್ಕು, ಅಲ್ಲಿನ ಹಲ್ಲುಗಳನ್ನು ಒಂದಕ್ಕೊಂದು ಬಡಿಸುವುದು.

ಇಲ್ಲಿ ಅನುರಣನದ ತೊಡಕೂ ಇದೆ. ಉಯ್ಯಾಲೆಗೆ ಅದರದೇ ಲಯವುಂಟಷ್ಟೆ. ಆ ಲಯಕ್ಕೆ ಸರಿಯಾಗಿ ಮೆಲ್ಲನೆ ತಳ್ಳಿದರೂ ಅದು ಮೇಲುಮೇಲಕ್ಕೆ ಹೋಗುವುದು. ಲಯಕ್ಕಿಂತ ಬಹಳ ಬೇಗಬೇಗ ತಳ್ಳಿದರೆ ಹೆಚ್ಚು ಕದಲದು. ಎಂಜಿನು, ಸ್ಪ್ರಿಂಗು, ಗೇರುಪೆಟ್ಟಿಗೆ ಇವು ಕೂಡಿ ಆಗುವ ವ್ಯವಸ್ಥೆಗೂ ಒಂದು ಸಹಜ ಆವೃತ್ತಿಯಿದೆ. ಒಂದೇ ತುಂಡಿನ ಹಳೆಯ ಬಗೆಯ ಫ್ಲೈವೀಲುಳ್ಳ ಅನೇಕ ಕಾರುಗಳಲ್ಲಿ ಅದು ನಿಮಿಷಕ್ಕೆ 1,500 ಸುತ್ತುಗಳ ಆಸುಪಾಸಿಗೆ, ಎಂದರೆ ನಾವು ದಿನವೂ ಕಾರು ಓಡಿಸುವ ವೇಗಕ್ಕೇ, ಬಂದು ಬೀಳುತ್ತಿತ್ತು.

ಇದಕ್ಕೆ ಕಂಡ ಪರಿಹಾರವೇ ದ್ವಿರಾಶಿ ಫ್ಲೈವೀಲು. ಜರ್ಮನಿಯ ಲುಕ್ ಸಂಸ್ಥೆಯು 1985ರಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ಇದರಲ್ಲಿ ಚಕ್ರವನ್ನು ಎರಡಾಗಿ ಒಡೆದಿದೆ. ಮೊದಲ ರಾಶಿಯು ಎಂಜಿನಿನ ದಂಡಕ್ಕೆ ಬಿಗಿದಿರುವುದು. ಎರಡನೆಯದು ಕ್ಲಚ್ಚನ್ನು ಹೊತ್ತು ಬೇರಿಂಗಿನ ಮೇಲೆ ಕೂತಿರುವುದು. ಎರಡರ ನಡುವೆ, ಗ್ರೀಸಿನಲ್ಲಿ ನೆನೆದ, ಬಿಲ್ಲಿನಂತೆ ಬಾಗಿದ ಉದ್ದನೆಯ ಸ್ಪ್ರಿಂಗುಗಳಿವೆ. ಗೇರುಪೆಟ್ಟಿಗೆಯ ಕಡೆಗೆ ಭಾರವು ಹೆಚ್ಚಿ, ಸ್ಪ್ರಿಂಗು ಮೆದುವಾದುದರಿಂದ ಸಹಜ ಆವೃತ್ತಿಯು ಸೆಕೆಂಡಿಗೆ ಸುಮಾರು ಹತ್ತಕ್ಕೆ ಇಳಿಯುವುದು. ಇದು ಎಂಜಿನಿನ 300 ಸುತ್ತುಗಳಿಗೆ ಸಮ. ಓಡುತ್ತಿರುವ ಎಂಜಿನು ಎಂದೂ ಅಷ್ಟು ನಿಧಾನವಾಗಿ ತಿರುಗದು. ಚಾಲೂ ಮಾಡುವಾಗ ಮತ್ತು ನಿಲ್ಲಿಸುವಾಗ ಮಾತ್ರ ಅದು ಈ ಅಪಾಯದ ಹೊಸ್ತಿಲನ್ನು ಕ್ಷಣಮಾತ್ರದಲ್ಲಿ ದಾಟಬೇಕು.

ಸವೆದ ಚಕ್ರದ ಮೊದಲ ದೂರು ಎಲ್ಲಿ ಕೇಳಿಬರುವುದೆಂದು ವಾಚಕರು ಈಗ ತಾವೇ ಊಹಿಸಬಲ್ಲರು: ಚಾಲೂ ಮಾಡುವಾಗ ಮತ್ತು ನಿಲ್ಲಿಸುವಾಗ. ಸ್ಪ್ರಿಂಗು ಬಳಲಿದ್ದರೆ, ಗ್ರೀಸು ಸೋರಿಹೋಗಿದ್ದರೆ, ಬೇರಿಂಗು ಸಡಿಲಿದ್ದರೆ ಆ ಹೊಸ್ತಿಲಿನಲ್ಲಿ ಎರಡು ರಾಶಿಗಳೂ ಲೋಹದ ಸದ್ದಿನೊಡನೆ ಬಡಿದಾಡುವುವು. ಕಡಿಮೆ ವೇಗದಲ್ಲಿ ಕ್ಲಚ್ಚಿನ ಪೆಡಲಿಗೆ ನಡುಕ ಬರುವುದೂ ಉಂಟು.

ಆದರೆ ಸದ್ದು ಸಾಕ್ಷಿಯೇ ಹೊರತು ತೀರ್ಪಲ್ಲ. ಬ್ಯಾಟರಿಯು ಸೊರಗಿ ಸ್ಟಾರ್ಟರು ನಿಧಾನವಾಗಿ ತಿರುಗಿಸಿದರೆ, ಒಳ್ಳೆಯ ಚಕ್ರವೂ ಆ ಹೊಸ್ತಿಲಿನಲ್ಲಿ ಹೆಚ್ಚು ಹೊತ್ತು ನಿಂತು ಸದ್ದು ಮಾಡುವುದು. ಎಂಜಿನನ್ನು ಹೊತ್ತಿರುವ ರಬ್ಬರು ಆಸರೆಗಳು ಹರಿದಿದ್ದರೂ ನಿಲ್ಲಿಸುವಾಗ ಧಡಕ್ಕೆನ್ನುವುದು. ಪೆಡಲನ್ನು ಒತ್ತಿದೊಡನೆ ಹುಟ್ಟುವ ಸದ್ದು ಹೆಚ್ಚಾಗಿ ಕ್ಲಚ್ಚಿನ ಬಿಡುಗಡೆ ಬೇರಿಂಗಿನದು. ಒತ್ತಿದಾಗ ಅಡಗುವ ಸದ್ದು ಗೇರುಪೆಟ್ಟಿಗೆಯ ಬೇರಿಂಗಿನದಿರಬಹುದು; ಸವೆದ ಫ್ಲೈವೀಲು ದಾಟಗೊಟ್ಟ ನಡುಕದಿಂದ ಗೇರಿನ ಹಲ್ಲುಗಳು ಬಡಿದುಕೊಳ್ಳುವುದೂ ಇರಬಹುದು. ಹೊರಡುವಾಗ ಕಾರು ಕುಲುಕಿದರೆ ಕ್ಲಚ್ಚಿನ ತಟ್ಟೆಗೆ ಎಣ್ಣೆ ತಗುಲಿದೆಯೋ ಎಂಬುದನ್ನೂ ಯೋಚಿಸಬೇಕು.

ಕೊನೆಯ ನಿರ್ಣಯವು ಗೇರುಪೆಟ್ಟಿಗೆಯನ್ನು ಕಳಚಿದ ಮೇಲೆಯೇ. ಆಗ ನೋಡತಕ್ಕುವು ಮೂರು. ಮೊದಲನೆಯದು ಹೊರರೂಪ: ಬಿರುಕು, ಬಿಸಿಯಿಂದಾದ ಕಡುನೀಲಿ ಕಲೆ, ಧಾರಾಳವಾಗಿ ಚಿಮ್ಮಿದ ಗ್ರೀಸು. ಎರಡನೆಯದು ಭ್ರಮಣದ ಸಡಿಲು: ಮೊದಲ ರಾಶಿಯನ್ನು ಅಲುಗದಂತೆ ಹಿಡಿದು ಎರಡನೆಯದನ್ನು ಎಡಕ್ಕೂ ಬಲಕ್ಕೂ ತಿರುಗಿಸಿ, ಸ್ಪ್ರಿಂಗಿನ ತಡೆ ಸಿಕ್ಕುವವರೆಗಿನ ಕೋನವನ್ನು ಅಳೆಯುವುದು. ಮೂರನೆಯದು ಓಲಾಟ: ಅಂಚನ್ನು ಒತ್ತಿ, ಎಳೆದು, ಅದು ಎಷ್ಟು ವಾಲುವುದೆಂದು ಮುಳ್ಳಿನ ಮಾಪಕದಿಂದ ನೋಡುವುದು. ಕೈಗೆ ಸಡಿಲೆನಿಸಿತೆಂದು ಚಕ್ರವನ್ನು ಎಸೆಯುವುದು ಸಾಮಾನ್ಯವಾದ ತಪ್ಪು. ಸ್ವಲ್ಪ ಸಡಿಲನ್ನು ತಯಾರಕರೇ ಇಟ್ಟಿರುವರು. ಅದರ ಮಿತಿಯು ಒಂದೊಂದು ಮಾದರಿಗೆ ಒಂದೊಂದು. ಅಳತೆಯನ್ನು ಆ ಮಾದರಿಯ ಪಟ್ಟಿಗೇ ಹೋಲಿಸಬೇಕು. ಅಂತೆಯೇ ಮಿತಿಮೀರಿದ ಚಕ್ರವನ್ನು ಉಳಿಸಿಕೊಳ್ಳುವುದೂ ಸಲ್ಲದು. ಅದು ಮುರಿದರೆ ಚೂರುಗಳು ಗೇರುಪೆಟ್ಟಿಗೆಯ ಕವಚವನ್ನೇ ಒಡೆಯಬಲ್ಲುವು.

ಚಕ್ರ ಸವೆದುದು ದಿಟವಾದರೆ, ಏಕೆ ಸವೆಯಿತು ಎಂಬ ಪ್ರಶ್ನೆ ಉಳಿಯುವುದು. ನಾಲ್ಕು ಸಿಲಿಂಡರುಗಳಲ್ಲಿ ಒಂದಕ್ಕೆ ಇಂಧನವು ಸರಿಯಾಗಿ ಬೀಳುತ್ತಿಲ್ಲವೆನ್ನಿ. ಆ ಕೊರತೆಯು ಎರಡು ಸುತ್ತಿಗೊಮ್ಮೆ ಮರಳಿ ಬರುವುದು. 800 ಸುತ್ತುಗಳಲ್ಲಿ ಇದು ಸೆಕೆಂಡಿಗೆ ಸುಮಾರು 7 ಸಲ; 1,200ರಲ್ಲಿ ಸರಿಯಾಗಿ 10 ಸಲ. ಸಹಜ ಆವೃತ್ತಿಯೂ ಸುಮಾರು ಹತ್ತೇ ಅಲ್ಲವೆ? ಕ್ಷಣದಲ್ಲಿ ದಾಟಬೇಕಾಗಿದ್ದ ಹೊಸ್ತಿಲಿನಲ್ಲೇ ಚಕ್ರವು ಈಗ ವಾಸಮಾಡಿದಂತಾಯಿತು! ಮೇಲಿನ ಗೇರಿನಲ್ಲಿ ತೀರ ಕಡಿಮೆ ವೇಗದಲ್ಲಿ ಎಂಜಿನನ್ನು ಏದುಸಿರು ಬಿಡಿಸುವ ಚಾಲಕನೂ, ಎಂಜಿನಿನ ಬಲವನ್ನು ಅಳತೆಮೀರಿ ಹೆಚ್ಚಿಸುವವನೂ ಸ್ಪ್ರಿಂಗುಗಳನ್ನು ಕೊನೆಯವರೆಗೂ ಒತ್ತಿ ಬಳಲಿಸುವರು.

ದ್ವಿರಾಶಿ ಫ್ಲೈವೀಲು ಅಗ್ಗದ ವಸ್ತುವಲ್ಲ. ಅದನ್ನು ಬದಲಿಸುವ ಕೂಲಿಯೂ ಅಲ್ಪವಲ್ಲ. ಮೂಲ ದೋಷವನ್ನು ಬಿಟ್ಟು ಚಕ್ರವನ್ನಷ್ಟೇ ಬದಲಿಸಿದರೆ ಹೊಸದಕ್ಕೂ ಹಳೆಯದರ ಗತಿಯೇ ಆಗುವುದು. ರೋಗಿಯ ಕೆಮ್ಮನ್ನು ಕೇಳಿದೊಡನೆ ಒಳ್ಳೆಯ ವೈದ್ಯನು ಶಸ್ತ್ರಕ್ಕೆ ಕೈಹಾಕುವುದಿಲ್ಲ. ಯಂತ್ರವನ್ನು ಪರೀಕ್ಷಿಸುವವನೂ ಮೊದಲು ಕೇಳಬೇಕು, ಬಳಿಕ ಅಳೆಯಬೇಕು, ಕಡೆಗೆ ಕಾರಣವನ್ನು ಹುಡುಕಬೇಕು.